ಮೇಲಿನ ದವಡೆಯ ಹಲ್ಲು

ನಗುವಾಗ ಸೆರಗು ಬಾಯಿಗೆ ಹಿಡಿಯುತ್ತಿದ್ದ ನನ್ನ ಅವ್ವನಿಗೆ,

ಮೊನ್ನೆ ಹಡಗಲಿ ಸಂತೆಯಲ್ಲಿ ನಿನ್ನ ಜಾಗದಲ್ಲಿ ಯಾರೋ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಒಂದು ಕೆನ್ನೆ ಉಬ್ಬಿತ್ತು. ನೀನೇ ಅನ್ನಿಸಿ ಕಾಲು ನಿಂತೇಬಿಟ್ಟವು. ಹತ್ತಿರ ಹೋದರೆ ಚಿಗವ್ವ, ನಿನ್ನ ಬೆನ್ನಿಗೆ ಬಿದ್ದ ತಂಗಿ. ಹಲ್ಲುನೋವಿಗೆ ನಿನ್ನಂತೆಯೇ ಹೊಗೆಸೊಪ್ಪು ಒತ್ತಿಕೊಂಡಿದ್ದಳು.

ನೆನಪಿದೆಯಾ, ನಮ್ಮೂರ ಶಾಲೆಗೆ ಹಲ್ಲಿನ ಡಾಕ್ಟರಮ್ಮ ಬಂದಿದ್ದ ದಿನ? ನಿನ್ನ ಬಾಯಿಗೆ ಟಾರ್ಚ್ ಹಿಡಿದು, "ಮೇಲಿನ ದವಡೆ ಹಲ್ಲು ಪೂರ್ತಿ ಹುಳುಕಾಗಿದೆಯಮ್ಮ. ಕೀಳಿಸಲೇಬೇಕು, ಹೊಗೆಸೊಪ್ಪೂ ಬಿಡಬೇಕು" ಎಂದರು. ದಾರಿಯುದ್ದಕ್ಕೂ ನೀನು ನಕ್ಕಿದ್ದೇ ನಕ್ಕಿದ್ದು. "ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವಲೇ. ಆಮ್ಯಾಲೆ ಹೂವು ಕಟ್ಟೋರ್ಯಾರು, ನಿಮ್ಮಪ್ಪನಾ?" ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು, ಆದರೂ ನಿನ್ನ ಬೈಗುಳದಲ್ಲಿ ಅವನಿಗೊಂದು ಪಾಲು ಇದ್ದೇ ಇರುತ್ತಿತ್ತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತವೆ ಎಂದು ಊರೆಲ್ಲ ಹೇಳುತ್ತಿತ್ತು. ನಿನ್ನ ಕಣ್ಣೇ ನಮ್ಮ ಅನ್ನವಾಗಿರುವಾಗ ಯಾರು ತಾನೇ...

ಹಲ್ಲು ಸಿಡಿದಾಗಲೆಲ್ಲ ನೀನು ಹೊಗೆಸೊಪ್ಪಿಗೆ ಸುಣ್ಣ ಸವರಿ ದವಡೆಯಲ್ಲಿ ಒತ್ತಿಕೊಳ್ಳುತ್ತಿದ್ದೆ. "ತಣ್ಣಗಾತು ನೋಡು" ಎಂದು ಮತ್ತೆ ದಾರ ಹಿಡಿಯುತ್ತಿದ್ದೆ. ವರ್ಷಗಟ್ಟಲೆ ಇದೇ ನಡೆಯಿತು. ಒಳಗೆ ಹುಣ್ಣಾಗಿ, ಹುಣ್ಣು ಗಡ್ಡೆಯಾಗಿ, ಬಾಯಿ ತೆರೆಯಲು ಬಾರದಂತಾದಾಗ ದೂರದ ಆಸ್ಪತ್ರೆಯವರು ಕ್ಯಾನ್ಸರ್ ಎಂದರು. ಕೊನೆಗೆ ಗಂಜಿಯೂ ಇಳಿಯಲಿಲ್ಲ. ಕಣ್ಣು ಮಾತ್ರ ಚೆನ್ನಾಗಿದ್ದವು, ಅಲ್ಲವಾ? ಉಸಿರು ನಿಲ್ಲುವ ತನಕ ನೀನು ಎಲ್ಲವನ್ನೂ ನೋಡಿದೆ.

ಹೋದ ತಿಂಗಳು ನನಗೂ ಅದೇ ಮೇಲಿನ ದವಡೆ ಸಿಡಿಯಿತು. ಕೂಲಿ ಬಿಟ್ಟು, ಬಸ್ಸು ಹಿಡಿದು ಹರಪನಹಳ್ಳಿಗೆ ಹೋಗಿ ಹಲ್ಲು ಕೀಳಿಸಿಕೊಂಡೆ. ನಿಜ ಹೇಳಲಾ? ಆ ಕುರ್ಚಿಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದೆ. ಮುಗಿದ ಮೇಲೂ ತೆರೆಯಲು ಧೈರ್ಯ ಬರಲಿಲ್ಲ.

ಸಂತೆಯಲ್ಲಿ ಚಿಗವ್ವನ ಮುಂದೆ ಬಾಯಿ ಅಗಲಿಸಿ ಆ ಖಾಲಿ ಜಾಗ ತೋರಿಸಿದೆ. ಅವಳ ಕೈಯಿಂದ ದಾರ ಕಿತ್ತುಕೊಂಡು ಒಂದು ಮಾರು ಹೂವು ಕಟ್ಟಿದೆ. "ನಿಂದು ಹರೇದ ಕಣ್ಣು. ನಮ್ದು ಹಂಗಲ್ಲವ್ವಾ" ಎಂದಳು. ನಿನ್ನ ಗತಿ ನೆನಪಿಸಿದರೆ, "ಅದು ನಿಮ್ಮವ್ವನ ಹಣೀಬರ" ಎಂದು ದವಡೆಯ ಸೊಪ್ಪನ್ನು ನಾಲಿಗೆಯಿಂದ ಒಳಗೆ ತಳ್ಳಿಕೊಂಡಳು. ಕಣ್ಣೆದುರು ಸತ್ತ ಅಕ್ಕನೇ ಸಾಕಾಗದಿದ್ದರೆ ನನ್ನ ಮಾತು ಯಾವ ಲೆಕ್ಕ? ಮುಂದಿನ ಸಂತೆಗೂ ಹೋಗಿ, ಹಲ್ಲು ಕೀಳಿಸಿಕೋ ಎಂದು ಕಾಲು ಹಿಡಿಯುತ್ತೇನೆ. ಆದರೆ ಕೇಳುತ್ತಾಳೆ ಎನ್ನುವ ನಂಬಿಕೆ...

ನೀನಾದರೂ ಕೇಳು, ಅವ್ವಾ. ಹಲ್ಲು ಹೋಗಿದೆ, ಕಣ್ಣು ಹೋಗಿಲ್ಲ. ಗೋಡೆಯ ಮೇಲಿನ ನಿನ್ನ ಫೋಟೋದಲ್ಲಿ, ಸೆರಗಿನ ಅಂಚಿನಲ್ಲಿ ಇಣುಕುವ ಕೆನ್ನೆಯ ಆ ಬಾವು ಕೂಡ ಇಲ್ಲಿಂದಲೇ ಕಾಣುತ್ತದೆ.

ನಿನ್ನ ಮಗಳು