ಮೊದಲು ಓದುವವರಿಗೂ ನಮಸ್ಕಾರ

ಮನೆಯಿಂದ,
ಮಂಗಳವಾರ ಸಂಜೆ

ಪ್ರೀತಿಯ ನಿಮಗೆ,

ಆರೋಗ್ಯ ಹೇಗಿದೆ? ನಿದ್ದೆ ಬರುತ್ತಿದೆಯೇ? ಬಿ.ಪಿ. ಮಾತ್ರೆ ಮರೆತು ಹೋಗಿದ್ದೀರಿ, ಒಗೆದ ಅಂಗಿಗಳ ಜೊತೆ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಪಕ್ಷದವರು ಶಾಸಕರನ್ನೆಲ್ಲ ಆ ಅತಿಥಿಗೃಹದಲ್ಲಿ ಕೂಡಿಹಾಕಿ ಫೋನು ಕಿತ್ತುಕೊಂಡ ಮೇಲೆ ನನಗೆ ಉಳಿದಿರುವುದು ಕಾಗದವೊಂದೇ. ಅದನ್ನೂ ನಿಮಗಿಂತ ಮೊದಲು ಪಕ್ಷದ ಕಾರ್ಯದರ್ಶಿಗಳು ಓದುತ್ತಾರಂತೆ, ಡ್ರೈವರ್ ಹೇಳಿದ. ಹಾಗಾಗಿ ಅವರಿಗೂ ನಮಸ್ಕಾರ. ಕಪ್ಪು ಹಲಗೆಯ ಮೇಲೆ ಬರೆದೂ ಬರೆದೂ ನನ್ನ ಅಕ್ಷರ ದುಂಡಗಾಗಿದೆ, ಓದಲು ತೊಂದರೆಯಾಗದು.

ಪುಟ್ಟಿ ಚೆನ್ನಾಗಿದ್ದಾಳೆ. ನಿಮ್ಮಪ್ಪ ಕೈ ಎತ್ತುತ್ತಾರಾ ಇಲ್ಲವಾ ಎಂದು ತರಗತಿಯಲ್ಲಿ ಎಲ್ಲರೂ ಅವಳ ಪ್ರಾಣ ತಿನ್ನುತ್ತಿದ್ದಾರೆ. ಊರಿಗೆ ಊರೇ ಅದನ್ನೇ ಕೇಳುತ್ತಿದೆ. ಹೆರಿಗೆ ಆಸ್ಪತ್ರೆ ಮುಚ್ಚುವ ಮಸೂದೆಗೆ ಗುರುವಾರ ಸದನದಲ್ಲಿ ನೀವೆಲ್ಲ ಕೈ ಎತ್ತಬೇಕೆಂದು ಪಕ್ಷದ ಅಪ್ಪಣೆ. ಅದೇ ಆಸ್ಪತ್ರೆಯ ಗೇಟಿನ ಮುಂದೆ, ಬಸುರಿ ಹೆಂಗಸರ ಎದುರು ನಿಂತು "ಇದನ್ನ ಮುಚ್ಚೋಕೆ ನನ್ನ ಕೈ ಏಳಲ್ಲ" ಎಂದವರು ನೀವು. ಆ ದಿನ ಪಕ್ಕದಲ್ಲೇ ಇದ್ದೆ. ಈ ಮನುಷ್ಯನ ಬಾಯಿಗೆ ಬೀಗ ಹಾಕುವವರು ಯಾರೂ ಇಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಈಗ ಭಯವಾಗುತ್ತಿದೆ. ಕೈ ಎತ್ತದಿದ್ದರೆ ಉಚ್ಚಾಟನೆ, ಶಾಸಕ ಸ್ಥಾನವೂ ಹೋಗುತ್ತದೆ. ಅದಕ್ಕಿಂತ ನನ್ನನ್ನು ಹೆದರಿಸುವುದು ನಿಮ್ಮ ಪಕ್ಷದ ಆ ಪದ್ಧತಿ. ಹೊರಹಾಕಿದವರ ಹೊಸಿಲನ್ನು ಪಕ್ಷದವರು ಯಾರೂ ತುಳಿಯಬಾರದು. ನಿಮ್ಮ ಜೊತೆಗೇ ಪಕ್ಷದಲ್ಲಿದ್ದ ಕನ್ನಡಕದಣ್ಣನನ್ನು ಹೊರಹಾಕಿದಾಗ ಅದನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದವರು ನೀವೇ. ಅವರ ಮಗಳ ಮದುವೆಗೆ ಹೋಗಿಬರೋಣ ಎಂದರೆ "ಪಕ್ಷ ಅಂದ್ಮೇಲೆ ಪಕ್ಷ" ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಛತ್ರದಲ್ಲಿ ಕುರ್ಚಿಗಳು ಖಾಲಿ ಬಿದ್ದಿದ್ದವಂತೆ. ಈಗ ನಮ್ಮ ಹಜಾರವೂ ಹಾಗೇ ಇದೆ. ಬಂದವರ ಟೀ ಲೋಟ ತೊಳೆದು ಕೈ ಸವೆಸಿಕೊಂಡಿದ್ದ ನನಗೆ ನಿನ್ನೆಯಿಂದ ರಜೆ ಸಿಕ್ಕಿದೆ. ನಿಮ್ಮ ಬಲಗೈ ಎಂದು ಹೇಳಿಕೊಂಡು ತಿರುಗುತ್ತಿದ್ದ, ಪೋಸ್ಟರ್ ಅಂಟಿಸುವವನು ನನ್ನನ್ನು ಕಂಡೂ ಕಾಣದವನ ಹಾಗೆ ರಸ್ತೆ ದಾಟಿಬಿಟ್ಟ.

ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ತೆಗೆದು ನೋಡಿದರೆ ಕನ್ನಡಕದಣ್ಣನ ಹೆಂಡತಿ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರು ಮಾತ್ರ, "ಗುರುವಾರದಿಂದ ನಿಮ್ಮನೆಗೆ ಬರೋರು ನಾವೇ ತಾನೆ? ದಾರಿ ನೆನಪಿದ್ಯಾ ಅಂತ ನೋಡ್ಕೊಳ್ಳೋಕೆ ಬಂದೆ" ಎಂದು ನಕ್ಕು, ತಾವೇ ಅಡುಗೆಮನೆಗೆ ಹೋಗಿ ಟೀಗೆ ನೀರಿಟ್ಟರು. ಒಂದು ಮಾತೂ ಚುಚ್ಚಿ ಆಡಲಿಲ್ಲ. ಅವರು ಹೋದ ಮೇಲೆ ನಾನು ಅತ್ತುಬಿಟ್ಟೆ.

ಊಟ ಬಿಡಬೇಡಿ. ಯಾರ ಮೇಲೂ ರೇಗಬೇಡಿ. ಗುರುವಾರ ನೀವು ಏನೇ ಮಾಡಿದರೂ ಶುಕ್ರವಾರ ನಿಮಗೆ ತಟ್ಟೆ ಹಾಕಿಟ್ಟಿರುತ್ತೇನೆ. ಪುಟ್ಟಿ ಮುತ್ತು ಕಳಿಸಿದ್ದಾಳೆ, ಅದನ್ನು ಯಾರೂ ತೆರೆದು ನೋಡಲಾರರು.

ಇಂತು ನಿಮ್ಮ,
ಪುಟ್ಟಿಯ ಅಮ್ಮ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ನಿನ್ನೆ ಕಾರ್ಯದರ್ಶಿಗಳು ನನ್ನ ಶಾಲೆಗೇ ಬಂದಿದ್ದರು. ನೀವು ಕೈ ಎತ್ತದೆ ಸ್ಥಾನ ಕಳೆದುಕೊಂಡರೆ ಉಪಚುನಾವಣೆಯ ಟಿಕೆಟ್ ನನಗಂತೆ. "ಸೀಟು ಮನೇಲೇ ಉಳಿಯುತ್ತೆ ಅಕ್ಕ, ಅವರು ಮಾಡಿದ್ದು ತಪ್ಪು ಅಂತ ನೀವೊಂದು ಮಾತು ಹೇಳಿದ್ರೆ ಸಾಕು" ಎಂದರು. ಯೋಚಿಸಿ, ನಿಮಗೆ ಬರೆಯುವ ಕಾಗದದಲ್ಲೇ ಅವರಿಗೆ ಉತ್ತರ ಕೊಡುತ್ತೇನೆ ಎಂದಿದ್ದೆ. ಯೋಚಿಸಿದೆ. ಕಾರ್ಯದರ್ಶಿಗಳೇ, ನನ್ನ ಕೈಯೂ ಏಳುವುದಿಲ್ಲ. ಓದಿ ಮುಗಿದಿದ್ದರೆ ಕಾಗದ ಮಡಚಿ ಇವರಿಗೆ ಕೊಡಿ, ಮಾತ್ರೆಯ ಹೊತ್ತು ಮೀರುತ್ತಿದೆ.