ಫ್ರಿಜ್ಜಿನಲ್ಲಿ ಬಚ್ಚಿಟ್ಟ ಎರಡು ಚೀಲ

ಗದಗ, ಫೆಬ್ರುವರಿ 30, 2214

ಪ್ರೀತಿಯ ನೀಲಾಂಬಿಕಾ ಅಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಪ್ರಭಾವತಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನ ದಕ್ಕಿದೆ. ನಡುವೆ ನೀವು ಕೇಳದ ಪದಗಳು ಬಂದರೆ ಮನ್ನಿಸಿ. ಪತ್ರ ನಿಮಗೆ ತಲುಪುವುದಿಲ್ಲವೆಂದು ಬಲ್ಲೆ. ಆದರೆ ನಾಳೆ ಬೆಳಗ್ಗೆ ನಾನೊಂದು ದೊಡ್ಡ ಆಪರೇಷನ್ ಮಾಡಬೇಕಿದೆ, ಧೈರ್ಯ ಸಾಲುತ್ತಿಲ್ಲ, ಮನೆತನದಲ್ಲಿ ನನಗಿಂತ ಮೊದಲಿನ ಸರ್ಜನ್ ಎಂದರೆ ನೀವೊಬ್ಬರೇ.

ನಾವೀಗ ರೋಗಿಗಳಿಗೆ ಕೊಡುವುದು ನೇಯ್ದ ರಕ್ತ. ಅದನ್ನು ಯಾರ ಮೈಯಿಂದಲೂ ತೆಗೆಯುವುದಿಲ್ಲ. ಬೆಟಗೇರಿಯ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಮಗ್ಗದ ಊರಾದ್ದರಿಂದ ಆ ಹೆಸರು ಅಂಟಿಕೊಂಡಿತು. ಇನ್ನು ಮುಂದೆ ಧರ್ಮದ ಕಾರಣಕ್ಕೆ ಯಾರೂ ರಕ್ತ ಬೇಡವೆನ್ನುವುದಿಲ್ಲ ಎಂದು ಎಲ್ಲರೂ ನಂಬಿದ್ದೆವು. ಈಗ ಹುಟ್ಟುಪಂಥದವರು ಬಂದಿದ್ದಾರೆ. ಜೀವದಲ್ಲಿ ಹುಟ್ಟದ ರಕ್ತ ಮೈ ಸೇರಬಾರದು ಎನ್ನುವುದು ಅವರ ನೇಮ. ನಾಳೆ ನಾನು ಕೊಯ್ಯಬೇಕಾದ ಫಕೀರಪ್ಪನವರು ಆ ಪಂಥದವರು. ಅವರ ಯಕೃತ್ತಿನಲ್ಲಿ ಗಡ್ಡೆಯಿದೆ. ಮನುಷ್ಯರ ರಕ್ತ ತೆಗೆದಿಡುವ ಪದ್ಧತಿಯೋ ನಿಂತು ಎಷ್ಟೋ ಕಾಲವಾಯಿತು.

ಹಾಗಾಗಿ ವಾರದಿಂದ ನೀವು ರೋಗಿಗಳ ಬಗ್ಗೆ ಬರೆದಿಟ್ಟ ನೋಟುಪುಸ್ತಕವೇ ನನ್ನ ಗುರು. ಅಕ್ಷರ ಮಾತ್ರ ಕಾಗೆ ಕಾಲು, ಅಜ್ಜಿ! ಅದರಲ್ಲಿರುವ ನಿಮ್ಮ ರೋಗಿ ಎಸ್ತೇರಮ್ಮನಿಗೆ ಗರ್ಭಕೋಶದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ. ತನ್ನ ಕ್ರೈಸ್ತ ಸಭೆಯ ನೇಮದಂತೆ ಬೇರೆಯವರ ರಕ್ತ ಬೇಡವೆಂದಿದ್ದಕ್ಕೆ ಮೂರು ಆಸ್ಪತ್ರೆಯವರು ಬಾಗಿಲು ತೋರಿಸಿದ್ದರು. ನೀವು ಆರು ವಾರ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟಿರಿ. ಹನಿಯೂ ಹೆಚ್ಚು ಹೋಗದಿರಲೆಂದು ಪರೀಕ್ಷೆಗೆ ಕೂಸುಗಳ ಪುಟ್ಟ ನಳಿಕೆಯಲ್ಲಿ ಮಾತ್ರ ರಕ್ತ ತೆಗೆಸಿದಿರಿ. ಅವಳ ಗಂಡನನ್ನೂ ಸಭೆಯ ಹಿರಿಯರನ್ನೂ ಹೊರಗೆ ಕಳಿಸಿ ಕೇಳಿದಿರಿ: "ಈಗ ನಾವಿಬ್ರೇ ಅದೀವಿ. ಖರೇ ಹೇಳ್ರಿ, ರಕ್ತ ಬೇಕೋ ಬ್ಯಾಡೋ?"

"ಬ್ಯಾಡ್ರಿ ಡಾಕ್ಟರ್‌ಬಾಯಿ. ನಾ ಸತ್ರೂ ನಿಮ್ಮ ಮ್ಯಾಲೆ ಸಿಟ್ಟಿಲ್ಲ."

ಇಂದಿಗೂ ನಮ್ಮಲ್ಲಿ ರೋಗಿ ಒಬ್ಬರೇ ಇದ್ದಾಗ ಈ ಪ್ರಶ್ನೆ ಕೇಳದೆ ಯಾರೂ ಕತ್ತರಿ ಮುಟ್ಟುವಂತಿಲ್ಲ.

ಆದರೆ ನಾನು ಮತ್ತೆ ಮತ್ತೆ ತೆರೆದಿದ್ದು ಅದರ ಮುಂದಿನ ಪುಟ. ಸರಿ ಎಂದು ತಲೆಯಾಡಿಸಿ ಬಂದು, ಅವಳಿಗೆ ತಿಳಿಸದೆ ಎರಡು ಚೀಲ ರಕ್ತ ತರಿಸಿ ಫ್ರಿಜ್ಜಿನಲ್ಲಿಟ್ಟಿದ್ದಿರಿ. ಜೀವ ದೊಡ್ಡದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿರಿ. ಆಪರೇಷನ್ನಿನ ಹಿಂದಿನ ದಿನ ತಡೆಯಲಾರದೆ ಚೀಲಗಳನ್ನು ಹಿಂದಿರುಗಿಸಿ, ಅವಳ ಮಂಚದ ಬಳಿ ಕೂತು ತಪ್ಪೊಪ್ಪಿಕೊಂಡಿರಿ.

"ನಂಗ ಗೊತ್ತಿತ್ರಿ," ಎಂದಳಂತೆ ಎಸ್ತೇರಮ್ಮ. "ಸಿಸ್ಟರ್ ಹೇಳಿದ್ರು. ನೀವಾಗೇ ಹೇಳ್ತೀರೇನೋ ಅಂತ ದಾರಿ ನೋಡಾಕತ್ತಿದ್ದೆ."

ಮರುದಿನ ಎರಡು ತಾಸಿನ ಕೆಲಸಕ್ಕೆ ನಾಲ್ಕು ತಾಸು ಹಿಡಿಯಿತು. ಒಂದೊಂದು ರಕ್ತನಾಳವನ್ನೂ ಕಟ್ಟಿಯೇ ಮುಂದೆ ಹೋದಿರಿ. "ಚೀಲ ಇದ್ದಿದ್ದರೆ ನನ್ನ ಕೈ ಅವಸರ ಮಾಡುತ್ತಿತ್ತು" ಎಂದು ಬರೆದಿದ್ದೀರಿ. ಒಂಬತ್ತನೆಯ ದಿನ ಅವಳು ನಡೆದುಕೊಂಡು ಮನೆಗೆ ಹೋದಳು. ಆಮೇಲೆ ಪ್ರತಿ ಬೇಸಿಗೆಗೂ ಮಾವಿನ ಉಪ್ಪಿನಕಾಯಿ ಬರುತ್ತಿತ್ತು, ಖಾರ ಹೆಚ್ಚೆಂದು ಅದನ್ನೂ ಟೀಕಿಸಿದ್ದೀರಿ. ನಿಮ್ಮನ್ನು ನಾನು ನೋಡಿಲ್ಲ, ಆದರೂ ನೀವೆಂದರೆ ನನಗೆ ಬಹಳ ಪ್ರೀತಿ.

ಅಜ್ಜಿ, ಥಿಯೇಟರಿನ ಕಪಾಟಿನಲ್ಲಿ ನಾನೂ ಒಂದು ಸೀಸೆ ನೇಯ್ದ ರಕ್ತ ಬಚ್ಚಿಟ್ಟಿದ್ದೇನೆ.

ನಿಮಗೆ ಬರೆದ ಮೇಲೆ ಅದನ್ನು ಅಲ್ಲಿ ಬಿಡಲಾರೆ. ಸೀಸೆ ವಾಪಸು ಕಳಿಸಿ, ಸಂಜೆಯ ರೌಂಡ್ಸಿಗೆ ಮೊದಲೇ ಫಕೀರಪ್ಪನವರ ವಾರ್ಡಿಗೆ ಹೋಗುತ್ತೇನೆ. ಆಶೀರ್ವಾದ ಮಾಡಿ. ನಮ್ಮ ಸಿಸ್ಟರುಗಳ ಬಾಯಲ್ಲೂ ಗುಟ್ಟು ನಿಲ್ಲುವುದಿಲ್ಲ. ಫಕೀರಪ್ಪನವರೂ ದಾರಿ ನೋಡುತ್ತಿರಬಹುದು.

ನಿಮ್ಮ,
ಪ್ರಭಾವತಿ