ಗರಿಯ ಕೆಳಗಿನ ಹನ್ನೊಂದು ಮನೆ

ಫೆಬ್ರವರಿ 11, ಬುಧವಾರ

ಸರ್ ಇಡೀ ಕ್ಲಾಸಿನ ಎದುರು "ವೆರಿ ಗುಡ್" ಎಂದದ್ದು ಈಗ ಚುಚ್ಚುತ್ತಿದೆ. ಹೈಸ್ಪೀಡ್ ರೈಲಿಗೆ ದಾರಿ ಗುರುತಿಸುವ ಅಸೈನ್‌ಮೆಂಟಿನಲ್ಲಿ ಒಂದು ಮನೆಯನ್ನೂ ಕೆಡವದ ಗೆರೆ ನನ್ನದೊಂದೇ ಅಂತೆ. ನಮ್ಮೂರು ಶೆಟ್ಟಿಕೆರೆಯ ಪಕ್ಕ, ಸ್ಯಾಟಲೈಟ್ ಮ್ಯಾಪಿನಲ್ಲಿ ಬರೀ ಹಸಿರು ಕಂಡ ಕಡೆ ಎಳೆದಿದ್ದೆ. ನಾಳೆ ಕ್ಲಾಸಿಗೆ ಬರುವ ರೈಲಿನ ಸರ್ವೆ ಕಂಪನಿಯವರಿಗೆ ಸರ್ ಅದನ್ನೇ ತೋರಿಸುತ್ತಾರೆ.

ಸಂಜೆ ಹೆಮ್ಮೆಯಿಂದ ಅಪ್ಪನಿಗೂ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದು ಸಿದ್ದಮ್ಮಜ್ಜಿ ತೋಟದ ಸಾಲು ಕಣವ್ವ. ಹನ್ನೊಂದು ಮನೆ ಅವೆ ಅಲ್ಲಿ."

"ಮ್ಯಾಪಲ್ಲಿ ಒಂದೂ ಕಾಣಲ್ಲಪ್ಪ."

"ತೆಂಗಿನ ಗರಿ ಕೆಳಗಿರೋ ಮನೆ ಮೇಲಿಂದ ಕಾಣ್ತದಾ? ನಿನ್ನ ಹಾಸ್ಟೆಲ್‌ಗೆ ಸೇರಿಸಿದ್ದು ನಂದೇ ತಪ್ಪು ಬುಡು" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಪ್ರತಿ ರಜೆಯಲ್ಲೂ ಆ ಅಜ್ಜಿಯ ಜಗಲಿಯಲ್ಲಿ ಎಳನೀರು ಕುಡಿದಿದ್ದೇನೆ. ಹಳಿಯ ಎರಡೂ ಕಡೆ ಬೇಲಿ ಬಂದರೆ ಅಲ್ಲಿಯ ಮಕ್ಕಳು ಶಾಲೆಗೆ ಎಲ್ಲಿಂದ ದಾಟುತ್ತಾರೆ ಎಂದೂ ಯೋಚಿಸಿರಲಿಲ್ಲ.

ಬೆಳಿಗ್ಗೆ ಸರ್‌ಗೆ ಹೇಳಲೇಬೇಕು. ಹಾಗಾದರೆ ಗೆರೆ ಎಲ್ಲಿ ಎಂದು ಕೇಳುತ್ತಾರೆ. ಪೆನ್ಸಿಲಿನಲ್ಲಿ ಪಡುವಲಿಗೆ ಸರಿಸಿ ನೋಡಿದೆ. ಅಲ್ಲಿ ನಿಜವಾಗಿಯೂ ಮನೆಯಿಲ್ಲ, ನನಗೆ ಗೊತ್ತು. ಅದು ನಮ್ಮ ತೋಟ. ಇದನ್ನು ಇನ್ನೂ ಅಪ್ಪನಿಗೆ ಕಳಿಸಿಲ್ಲ.